ನಿಂತ ಕಾರಿನ ದಾಖಲೆ

ಬೆಳಗಿನ ಐದೂಕಾಲು ಗಂಟೆ. ರೇಸ್ ಟ್ರ್ಯಾಕಿನ ನಾಲ್ಕನೇ ತಿರುವಿನಲ್ಲಿ ಅರವತ್ತೊಂದು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕುಳಿತು ಡಾಂಬರನ್ನು ಅಂಗೈಯಿಂದ ಸವರುತ್ತಿದ್ದಾರೆ. ಎಡಗೈಯಲ್ಲಿ ಟಾರ್ಚು ಇದೆ, ಆದರೆ ಅದನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಒದ್ದೆಯಾದ ಬೆರಳನ್ನು ಮೂಗಿನ ಹತ್ತಿರ ತರುತ್ತಾರೆ, ಹೆಬ್ಬೆರಳಿಗೆ ಉಜ್ಜುತ್ತಾರೆ, ತಲೆಯಾಡಿಸುತ್ತಾರೆ. ಇಬ್ಬನಿ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಕೂರುತ್ತಾರೆ. ಈ ಸಲ ಹುಬ್ಬು ಗಂಟಿಕ್ಕುತ್ತದೆ. ಹೆಗಲಿನ ಚೀಲದಿಂದ ಮರದ ಹೊಟ್ಟು ತೆಗೆದು ನೆಲಕ್ಕೆ ಸುರಿದು, ಬೂಟಿನಿಂದ ಒತ್ತಿ, ಪೊರಕೆಯಿಂದ ಬಳಿಯುತ್ತಾರೆ. ಹೊಟ್ಟು ಕಪ್ಪಾಗಿ ಎದ್ದು ಬರುತ್ತದೆ. ನಿನ್ನೆ ಸಂಜೆ ಯಾರದೋ ಕಾರು ಇಲ್ಲಿ ಎಣ್ಣೆ ಚೆಲ್ಲಿದೆ.

"ಟಾರ್ಚ್ ಬೆಳಕಿಗೆ ಎಣ್ಣೆನೂ ಹೊಳೆಯುತ್ತೆ, ನೀರೂ ಹೊಳೆಯುತ್ತೆ. ಕಣ್ಣು ಮೋಸ ಹೋಗುತ್ತೆ. ಕೈ ಹೋಗಲ್ಲ," ಎನ್ನುತ್ತಾರೆ. ಮೆಕ್ಯಾನಿಕ್‌ಗಳು ಇವರನ್ನು ಟ್ರ್ಯಾಕಮ್ಮ ಎಂದು ಕರೆಯುತ್ತಾರೆ. ಮೊದಮೊದಲು ಗೇಲಿಗೆ ಇಟ್ಟ ಹೆಸರು. ಈಗ ಸಂಬಳದ ಚೀಟಿಯ ಮೇಲೂ ಅದೇ ಬರುತ್ತದೆ, ಇವರೂ ಅದಕ್ಕೇ ಓಗೊಡುತ್ತಾರೆ.

ಟ್ರ್ಯಾಕಿನ ಉದ್ದ ಮೂರು ಸಾವಿರದ ಆರುನೂರು ಮೀಟರ್. ತಿರುವುಗಳು ಹನ್ನೊಂದು; ಹೊಸದಾಗಿ ಸೇರಿಸುತ್ತಿರುವ ಎರಡು ಇನ್ನೂ ತೆರೆದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಬೆಳಿಗ್ಗೆ ಟ್ರ್ಯಾಕಮ್ಮ ಇದನ್ನು ನಡೆದೇ ಸುತ್ತುತ್ತಾರೆ. ಒಂದು ಸುತ್ತಿಗೆ ಎಪ್ಪತ್ತೈದು ನಿಮಿಷ. ಜಲ್ಲಿ ಚೂರು, ಗಾಜು, ಸತ್ತ ಹಕ್ಕಿ, ಕಳಚಿ ಬಿದ್ದ ನಟ್ಟು ಬೋಲ್ಟು, ಎಲ್ಲವೂ ಚೀಲಕ್ಕೆ. ಸಿಕ್ಕಿದ ನಟ್ಟನ್ನು ತಿರುಗಿಸಿ ನೋಡಿ ಅದು ಯಾವ ಕಾರಿನದು, ಯಾವ ಮೆಕ್ಯಾನಿಕ್ ಅದನ್ನು ಬಿಗಿ ಮಾಡುವುದು ಮರೆತ ಎಂದು ಹೇಳಬಲ್ಲರು. ಏಳು ಗಂಟೆಗೆ ಆ ಮೆಕ್ಯಾನಿಕ್ ಬಂದಾಗ ನಟ್ಟು ಅವನ ಮೇಜಿನ ಮೇಲಿರುತ್ತದೆ.

ಇದೇ ಮೂರು ಸಾವಿರದ ಆರುನೂರು ಮೀಟರನ್ನು ಇವರು ಮೂವತ್ತನಾಲ್ಕು ವರ್ಷದ ಹಿಂದೆ, ಇಪ್ಪತ್ತೇಳರ ವಯಸ್ಸಿನಲ್ಲಿ, ಒಂದು ನಿಮಿಷ ಐವತ್ತಮೂರು ಸೆಕೆಂಡು ಮತ್ತು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲಿನಲ್ಲಿ ಸುತ್ತಿದ್ದರು. ಸಣ್ಣ ಎಂಜಿನ್‌ಗಳ ವರ್ಗದಲ್ಲಿ ಅಷ್ಟು ವೇಗವಾಗಿ ಬೇರೆ ಯಾರೂ ಇಲ್ಲಿ ಕಾರು ಓಡಿಸಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಆ ದಾಖಲೆ ಈ ಟ್ರ್ಯಾಕನ್ನು ನಡೆಸುವ ಕ್ಲಬ್ಬಿನ ಗೋಡೆಯ ಮೇಲೆ ಇದೆ. ಹೆಸರು ಮಾತ್ರ ಬೇರೆಯವರದು.

ಇಂಥವರನ್ನು ಎಲೆಮರೆಯ ಕಾಯಿ ಎಂದು ಬರೆದು ಕೈ ತೊಳೆದುಕೊಳ್ಳುವುದು ನಮ್ಮಂಥ ಪತ್ರಿಕೆಯವರಿಗೆ ಸುಲಭ. ಕೇಳಲು ಇಂಪಾಗಿರುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ, ಎಲೆ ತನ್ನ ಪಾಡಿಗೆ ತಾನು ಬೆಳೆದು ಅಡ್ಡ ಬಂದಿತು ಎನ್ನುವ ಹಾಗೆ. ಟ್ರ್ಯಾಕಮ್ಮನ ವಿಷಯದಲ್ಲಿ ಯಾವ ಎಲೆಯೂ ತಾನಾಗಿ ಬೆಳೆಯಲಿಲ್ಲ. ಮನುಷ್ಯರು ಅಡ್ಡ ಹಿಡಿದರು. ಹಿಡಿದ ಕೈ ಇನ್ನೂ ಕೆಳಗಿಳಿದಿಲ್ಲ.

ಅಪ್ಪನದು ಹೆದ್ದಾರಿ ಪಕ್ಕದಲ್ಲಿ ಲಾರಿ ರಿಪೇರಿ ಶೆಡ್ಡು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಹಿಂದೆ ಒಂದೇ ಕೋಣೆಯ ಮನೆ. ತಾಯಿ ಬೇಗ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಹೊಲಿಗೆ ಯಂತ್ರದ ಮುಂದೆ ಕೂತಳು, ಚಿಕ್ಕವಳು ಲಾರಿಯ ಕೆಳಗೆ ಮಲಗಿದಳು. ಹನ್ನೊಂದನೇ ವಯಸ್ಸಿಗೆ ಲಾರಿಯನ್ನು ಹಿಮ್ಮುಖವಾಗಿ ಶೆಡ್ಡಿಗೆ ಬಿಡುವುದು ಚಿಕ್ಕವಳ ಕೆಲಸವಾಗಿತ್ತು. ಎರಡೂ ಬದಿಗೆ ಒಂದೊಂದು ಗೇಣು ಜಾಗ. ಕ್ಲಚ್ಚಿಗೆ ಕಾಲು ಎಟುಕದೆ ಸೀಟಿನ ತುದಿಗೆ ಜಾರಿ, ಸ್ಟೇರಿಂಗಿಗೆ ಜೋತು ಬಿದ್ದು ಓಡಿಸುತ್ತಿದ್ದಳಂತೆ. "ಚಾಲಕರು ಕಣ್ಣು ಮುಚ್ಕೊಂಡು ನಿಂತಿರೋರು. ಅಪ್ಪ ಮಾತ್ರ ಬೀಡಿ ಸೇದ್ತಾ ಆ ಕಡೆ ತಿರುಗಿರೋರು. ನನ್ನ ಮೇಲೆ ಅಷ್ಟು ನಂಬಿಕೆ ಅಂದ್ಕೊಂಡಿದ್ದೆ. ನೋಡೋಕೆ ಭಯ ಆಗ್ತಿತ್ತು ಅಂತ ಸಾಯೋ ಮುಂಚೆ ಒಪ್ಕೊಂಡ್ರು," ಎಂದು ಟ್ರ್ಯಾಕಮ್ಮ ನಗುತ್ತಾರೆ.

ಗುಜರಿಗೆ ಬಂದ ಹಳೆಯ ಟ್ಯಾಕ್ಸಿಯೊಂದನ್ನು ಅಪ್ಪ ಮಗಳು ಸೇರಿ ಎರಡು ವರ್ಷ ಬಿಚ್ಚಿ ಜೋಡಿಸಿದರು. ಬಿಳಿ ಬಣ್ಣ ಹೊಡೆದರು. ಇಪ್ಪತ್ತನಾಲ್ಕನೇ ವಯಸ್ಸಿಗೆ ರೇಸಿಗೆ ಹೆಸರು ಕೊಡಲು ಹೋದಾಗ ಕ್ಲಬ್ಬಿನವರು ಅರ್ಜಿಯನ್ನು ಮೂರು ಸಲ ಹಿಂದಿರುಗಿಸಿದರು. ಮೊದಲ ಸಲ, ಅಪ್ಪನ ಒಪ್ಪಿಗೆ ಪತ್ರ ಬೇಕು. ಎರಡನೇ ಸಲ, ವೈದ್ಯರ ಪತ್ರ ಬೇಕು. ಮೂರನೇ ಸಲ, ಬೇರೆ ವೈದ್ಯರ ಪತ್ರ ಬೇಕು. ಗಂಡಸರಿಗೆ ಅಪ್ಪನ ಪತ್ರವೂ ಬೇಕಿರಲಿಲ್ಲ, ಎರಡನೇ ವೈದ್ಯರೂ ಬೇಕಿರಲಿಲ್ಲ. ಕೊನೆಗೆ ಬೇರೆ ನೆಪ ಸಿಗದೆ ಸೇರಿಸಿಕೊಂಡರು. ಚಾಲಕರ ಉಡುಪು ಹೆಂಗಸಿನ ಅಳತೆಗೆ ಎಲ್ಲೂ ಸಿಗಲಿಲ್ಲ. ಗಂಡಸಿನ ಉಡುಪೊಂದನ್ನು ಅಕ್ಕ ಬಿಚ್ಚಿ ಮತ್ತೆ ಹೊಲಿದುಕೊಟ್ಟರು. ಟ್ರ್ಯಾಕಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ರೇಸಿನ ದಿನ ಬೆಳಗಿನಿಂದ ನೀರು ಕುಡಿಯದೆ ಸಂಜೆಯವರೆಗೆ ಬಿಸಿಲಲ್ಲಿ ಕಾರು ಓಡಿಸಿದ್ದನ್ನು ಟ್ರ್ಯಾಕಮ್ಮ ಯಾವುದೋ ಸಣ್ಣ ಸಂಗತಿಯ ಹಾಗೆ ಹೇಳಿ ಮುಗಿಸುತ್ತಾರೆ. ಸಣ್ಣದಲ್ಲ. ನಾಲ್ಕು ವರ್ಷ ಹಾಗೆ ಓಡಿಸಿದ್ದಾರೆ.

ಈ ನಡುವೆ ಒಂದು ಸಂಬಂಧವೂ ಬಂತು. ಗಂಡಿನ ಕಡೆಯವರು ಕಾರು ಬಿಡಬೇಕು ಎಂದರು. ಇವರು ಗಂಡನ್ನು ಬಿಟ್ಟರು.

ಇನ್ನು ಆ ದಿನದ ಕಥೆ. ಆಗಿನ ರೇಸುಗಳಲ್ಲಿ ಎಲ್ಲ ಕಾರುಗಳನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ. ಟ್ರ್ಯಾಕು ಕಿರಿದು ಎಂದು ಅರ್ಧ ನಿಮಿಷಕ್ಕೊಂದರಂತೆ ಬಿಡುತ್ತಿದ್ದರು. ಹನ್ನೆರಡು ಸುತ್ತಿಗೆ ಯಾರು ಕಡಿಮೆ ಸಮಯ ತೆಗೆದುಕೊಂಡರೋ ಅವರು ಗೆದ್ದ ಹಾಗೆ. ಹೀಗಾಗಿ ಟ್ರ್ಯಾಕಿನ ಪಕ್ಕದ ಗೋಡೆಯ ಮೇಲೆ ಕೂತು ನೋಡುವವರಿಗೆ ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎನ್ನುವುದು ತಿಳಿಯುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಗಡಿಯಾರಕ್ಕೆ, ಗಡಿಯಾರ ಹಿಡಿದು ಪ್ರತಿ ಕಾರಿನ ಪ್ರತಿ ಸುತ್ತನ್ನೂ ಹಾಳೆಯಲ್ಲಿ ಬರೆಯುವ ಸಮಯಪಾಲಕರಿಗೆ. ಅವರು ಬರೆದದ್ದೇ ನಿಜ.

ಟ್ರ್ಯಾಕಮ್ಮನದು ಹನ್ನೆರಡನೇ ನಂಬರಿನ ಕಾರು. ಹನ್ನೊಂದನೇ ನಂಬರಿನದು ಅದೇ ಮಾದರಿಯ, ಅದೇ ಬಿಳಿ ಬಣ್ಣದ ಕಾರು. ಅದನ್ನು ಓಡಿಸುತ್ತಿದ್ದವರು ಊರಿನ ದೊಡ್ಡ ಕಾರು ವ್ಯಾಪಾರಿಯ ಮಗ. ಈಗ ಅವರು ಕ್ಲಬ್ಬಿನ ಅಧ್ಯಕ್ಷರು, ಹಾಗಾಗಿ ಅಧ್ಯಕ್ಷರು ಎಂದೇ ಕರೆಯೋಣ. ಒಂಬತ್ತನೇ ಸುತ್ತಿನಲ್ಲಿ ಅಧ್ಯಕ್ಷರ ಕಾರಿನ ಹಿಂದಿನ ಚಕ್ರ ಅಲುಗಾಡಿತು. ಕಾರನ್ನು ಟ್ರ್ಯಾಕಿನ ಪಕ್ಕದ ರಿಪೇರಿ ಸಾಲಿಗೆ ತಂದು ನಿಲ್ಲಿಸಿದರು. ನಟ್ಟು ಸಿಕ್ಕಿಹಾಕಿಕೊಂಡಿತ್ತು. ಮೆಕ್ಯಾನಿಕ್ ಅದರ ಜೊತೆ ಗುದ್ದಾಡುತ್ತಿದ್ದರೆ ಅಧ್ಯಕ್ಷರು ಸೀಟಿನಲ್ಲೇ ಕೂತು ನೀರು ಕುಡಿದರು. ಐವತ್ತೆರಡು ಸೆಕೆಂಡು ಕಾರು ನಿಂತಲ್ಲೇ ನಿಂತಿತ್ತು. ಅದೇ ಒಂಬತ್ತನೇ ಸುತ್ತಿನಲ್ಲಿ ಟ್ರ್ಯಾಕಮ್ಮ ನಾಲ್ಕನೇ ತಿರುವಿಗೆ ಬ್ರೇಕನ್ನೇ ಮುಟ್ಟದೆ ನುಗ್ಗಿದರು.

"ಎಂಟು ಸುತ್ತು ಬ್ರೇಕ್ ಹಾಕ್ಕೊಂಡೇ ಹೋದೆ. ಪ್ರತಿ ಸಲ ಕಾರು ಹೇಳ್ತಿತ್ತು, ಬೇಡ ಬಿಡು, ನಾನಿದೀನಿ ಅಂತ. ಒಂಬತ್ತನೇ ಸಲ ಅದರ ಮಾತು ಕೇಳ್ದೆ," ಎನ್ನುತ್ತಾರೆ. ಈ ಮಾತು ಹೇಳುವಾಗ ಮಾತ್ರ ಅವರ ಬಲಗಾಲು ಕುರ್ಚಿಯ ಕೆಳಗೆ ತಾನಾಗಿ ಅಲುಗುತ್ತದೆ.

ಗೋಡೆಯ ಮೇಲೆ ಅಕ್ಕ ಕೂತಿದ್ದರು, ಕೈಯಲ್ಲಿ ಎರವಲು ತಂದ ಸ್ಟಾಪ್‌ವಾಚು, ತೊಡೆಯ ಮೇಲೆ ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದ. ತಂಗಿಯ ಒಂದೊಂದು ಸುತ್ತನ್ನೂ ಅದರ ಮೇಲೆ ಬರೆದರು. ಒಂಬತ್ತನೆಯದನ್ನು ಬರೆದಾಗ ಒತ್ತಿದ ರಭಸಕ್ಕೆ ಸೀಸದ ಕಡ್ಡಿ ಕಾಗದವನ್ನೇ ತೂತು ಮಾಡಿತು. ಆ ಕಾಗದ ಇಂದಿಗೂ ಮನೆಯಲ್ಲಿದೆ, ತೂತು ಸಮೇತ. ಅಕ್ಕನಿಗೆ ಈಗ ಅರವತ್ತೆಂಟು. ಹೊಲಿಗೆ ಯಂತ್ರ ಇನ್ನೂ ಬಿಟ್ಟಿಲ್ಲ, ನಾಲಿಗೆಯನ್ನಂತೂ ಬಿಟ್ಟೇ ಇಲ್ಲ.

"ನಾನೇನು ಸುಮ್ನೆ ಕೂತೋಳಾ? ಹೊಲಿಗೆಯೋಳು ಕಣ್ರೀ ನಾನು. ಕಾಲಿಂಚು ಹೆಚ್ಚು ಕಡಿಮೆ ಆದ್ರೆ ಗಿರಾಕಿ ಬಟ್ಟೆನ ಮುಖಕ್ಕೆ ಎಸೀತಾರೆ. ಅಳತೆ ತಪ್ಪಿ ಬರೆಯೋ ಜಾತಿ ಅಲ್ಲ ನಮ್ದು," ಎಂದು ಅಕ್ಕ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಗುಡುಗುತ್ತಾರೆ.

ಗೆದ್ದೆವು ಎಂದೇ ಅಂದುಕೊಂಡು ಅಕ್ಕ ತಂಗಿ ಫಲಿತಾಂಶ ನೋಡಲು ಹೋದರು. ಫಲಿತಾಂಶದ ಹಾಳೆಯನ್ನು ಅಂಟಿಸುತ್ತಿದ್ದದ್ದು ಕ್ಲಬ್ಬಿನ ಸದಸ್ಯರ ಕೋಣೆಯ ಒಳಗೋಡೆಗೆ. ಆ ಕೋಣೆಯ ಬಾಗಿಲ ಮೇಲೆ ಹಿತ್ತಾಳೆಯ ಫಲಕವಿತ್ತು: ಮಹಿಳೆಯರಿಗೆ ಪ್ರವೇಶವಿಲ್ಲ. ಬಾಗಿಲಲ್ಲಿದ್ದ ಕಾವಲುಗಾರ ಕೈ ಅಡ್ಡ ಹಿಡಿದ. ರೇಸಿನಲ್ಲಿ ಓಡಿಸಿದವಳು ನಾನೇ ಎಂದರೂ ಬಿಡಲಿಲ್ಲ. ಒಳಗೆ ಗ್ಲಾಸುಗಳ ಸದ್ದು, ನಗು. ಇಪ್ಪತ್ತು ನಿಮಿಷ ಕಳೆದ ಮೇಲೆ ಯಾರೋ ಮೆಕ್ಯಾನಿಕ್ ಹೊರಬಂದು ಹೇಳಿದ: ಹನ್ನೊಂದನೇ ನಂಬರು ಮೊದಲನೆಯದು, ಒಂಬತ್ತನೇ ಸುತ್ತಿಗೆ ಹೊಸ ದಾಖಲೆಯೂ ಅದರದ್ದೇ. ಹನ್ನೆರಡನೇ ನಂಬರು ಆರನೆಯದು.

ಆಕ್ಷೇಪ ಇದ್ದವರು ಹಾಳೆ ಅಂಟಿಸಿದ ಅರ್ಧ ಗಂಟೆಯೊಳಗೆ ಬರೆದುಕೊಡಬೇಕು ಎನ್ನುವುದು ರೇಸಿನ ನಿಯಮ. ಕಾರಿನ ಬಳಿಯಿದ್ದ ಅಪ್ಪ ಓಡಿಹೋಗಿ ಒಳಗೆ ನುಗ್ಗಿ ಬರೆದುಕೊಡಲು ನೋಡಿದರು. ಚಾಲಕರೇ ಖುದ್ದಾಗಿ ಬಂದು ಕೊಡಬೇಕು ಎಂದರು. ಚಾಲಕಿ ಬಾಗಿಲಲ್ಲೇ ಇದ್ದಾಳೆ, ಕರೆಯಿರಿ ಎಂದರು ಅಪ್ಪ. ಮಹಿಳೆಯರಿಗೆ ಪ್ರವೇಶವಿಲ್ಲ ಎಂದರು. ಇನ್ನೊಮ್ಮೆ ಓದಿ ನೋಡಿ. ಖುದ್ದಾಗಿ ಒಳಗೆ ಬರಬೇಕು, ಆದರೆ ಒಳಗೆ ಬರುವಂತಿಲ್ಲ. ಇದನ್ನು ನಗದೆ, ತಡವರಿಸದೆ, ಗಂಭೀರವಾಗಿ ಹೇಳಿದ ಮಹಾಶಯರು ಅಂದು ಆ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಅರ್ಧ ಗಂಟೆ ಮುಗಿಯಿತು.

ಅಕ್ಕನ ಕಂದು ಕಾಗದ ತೋರಿಸಿದಾಗ ಮನೆಯವರ ಲೆಕ್ಕ ನಡೆಯುವುದಿಲ್ಲ ಎಂದರು. ಟ್ರ್ಯಾಕಮ್ಮ ಇನ್ನೂ ಒಂದು ವರ್ಷ ಓಡಿಸಿದರು. ಆರನೆಯವಳಾಗಿ ಬಂದ ಹೆಂಗಸಿಗೆ ಟೈರು ಕೊಡಿಸಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಕಾರು ಮಾರಾಟವಾಯಿತು. ಆಮೇಲೆ ಹತ್ತು ವರ್ಷ ಆಸ್ಪತ್ರೆಯೊಂದರ ಆಂಬುಲೆನ್ಸ್ ಓಡಿಸಿದರು. ಅಲ್ಲಿ ಯಾರೂ ಒಪ್ಪಿಗೆ ಪತ್ರ ಕೇಳಲಿಲ್ಲ. ನಂತರ ಟ್ರ್ಯಾಕಿನಲ್ಲಿ ಎಣ್ಣೆಯ ಮೇಲೆ ಜಾರಿ ಒಬ್ಬ ಚಾಲಕನ ಕಾಲು ಹೋದಾಗ, ನೆಲ ನೋಡಿಕೊಳ್ಳಲು ಜನ ಬೇಕೆಂದು ಕ್ಲಬ್ಬು ಹುಡುಕಿತು. ಇವರು ಅರ್ಜಿ ಹಾಕಿದರು. ಅವಮಾನವಾದ ಜಾಗಕ್ಕೇ ಯಾಕೆ ಹೋದಿರಿ ಎಂದರೆ, "ಜಾಗ ನನಗೇನು ಮಾಡಿತ್ತು?" ಎಂದು ತಿರುಗಿ ಕೇಳುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ಇದೂ ಒಂದು ಹಳೆಯ ನೋವು, ಅದರ ಪಾಡಿಗೆ ಅದು ಇರುತ್ತಿತ್ತು. ಮುಗಿಯಲಿಲ್ಲ. ಎಂಟು ತಿಂಗಳ ಹಿಂದೆ ಕ್ಲಬ್ಬಿಗೆ ಹೊಸ ಹುಮ್ಮಸ್ಸು ಬಂತು. ಟ್ರ್ಯಾಕಿಗೆ ಹೊಸ ಡಾಂಬರು ಹಾಕಿ, ಎರಡು ತಿರುವು ಸೇರಿಸುವುದು; ಹಳೆಯ ಸದಸ್ಯರ ಕೋಣೆಯನ್ನು ಕೆಡವಿ ಹೊಸದು ಕಟ್ಟುವುದು. ತಿರುವು ಸೇರಿದರೆ ಉದ್ದ ಬದಲಾಗುತ್ತದೆ, ಉದ್ದ ಬದಲಾದರೆ ಹಳೆಯ ದಾಖಲೆಗಳನ್ನು ಇನ್ನು ಯಾರೂ ಮುರಿಯಲಾಗದು. ಆದ್ದರಿಂದ ಹಳೆಯ ಟ್ರ್ಯಾಕಿನ ದಾಖಲೆಗಳನ್ನೆಲ್ಲ ಕರಿಕಲ್ಲಿನ ಮೇಲೆ ಕೆತ್ತಿಸಿ ಹೆಬ್ಬಾಗಿಲಲ್ಲಿ ಶಾಶ್ವತವಾಗಿ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಕೋಣೆಯಲ್ಲಿದ್ದ ಹಳೆಯ ಕಾಗದದ ಕಟ್ಟುಗಳನ್ನು ಸುಟ್ಟುಹಾಕಿ ಎಂದು ಟ್ರ್ಯಾಕಮ್ಮನಿಗೆ ಬೀಗದ ಕೈ ಕೊಟ್ಟರು. ಮಹಿಳೆಯರಿಗೆ ಪ್ರವೇಶವಿಲ್ಲದ ಕೋಣೆಗೆ ಅವರು ಮೊದಲ ಸಲ ಕಾಲಿಟ್ಟದ್ದು ಕಸ ತೆಗೆಯಲು.

ಸುಡುವ ಮುಂಚೆ ಕಟ್ಟುಗಳ ಮೇಲಿನ ಇಸವಿ ಓದಿದರು. ಒಂದು ಕಟ್ಟನ್ನು ಪಕ್ಕಕ್ಕೆ ಇಟ್ಟರು. ಮನೆಗೆ ತಂದು, ಅಕ್ಕನ ಹೊಲಿಗೆ ಯಂತ್ರದ ದೀಪದ ಕೆಳಗೆ ಹಾಳೆ ಬಿಡಿಸಿದರು. ಒಂಬತ್ತನೇ ಸುತ್ತಿನ ಕೆಳಗೆ, ಹನ್ನೆರಡನೇ ನಂಬರಿನ ಎದುರು, ಸಮಯಪಾಲಕರು ಮೊದಲು ಸರಿಯಾಗಿಯೇ ಬರೆದಿದ್ದಾರೆ: ಒಂದು ಐವತ್ತಮೂರು, ನಾಲ್ಕು. ಹನ್ನೊಂದರ ಎದುರು ಎರಡು ನಿಮಿಷ ನಲವತ್ತೊಂಬತ್ತು ಸೆಕೆಂಡು. ಆಮೇಲೆ ಎರಡಕ್ಕೂ ಗೀಟು ಎಳೆದು, ಬಾಣದ ಗುರುತು ಹಾಕಿ, ಅದನ್ನು ಇದಕ್ಕೆ ಇದನ್ನು ಅದಕ್ಕೆ ಬದಲಿಸಿದ್ದಾರೆ. ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಎರಡು ಮಾತು: "ಸಾಧ್ಯವಿಲ್ಲ. ತಿದ್ದಿದೆ."

ಅದೇ ಕಟ್ಟಿನಲ್ಲಿ ಇನ್ನೊಂದು ಹಾಳೆಯಿತ್ತು. ರಿಪೇರಿ ಸಾಲಿಗೆ ಬಂದುಹೋದ ಕಾರುಗಳ ಪಟ್ಟಿ. ಅದರಲ್ಲಿ ಬೇರೊಬ್ಬರ ಕೈಬರಹ: ಹನ್ನೊಂದನೇ ನಂಬರು, ಒಂಬತ್ತನೇ ಸುತ್ತು, ನಿಂತದ್ದು ಐವತ್ತೆರಡು ಸೆಕೆಂಡು. ಹನ್ನೆರಡನೇ ನಂಬರು, ಒಮ್ಮೆಯೂ ನಿಂತಿಲ್ಲ. ಎರಡೂ ಹಾಳೆಗಳು ಒಂದೇ ದಾರದಲ್ಲಿ, ಒಂದಕ್ಕೊಂದು ಮುಖ ಒತ್ತಿಕೊಂಡು ಮೂವತ್ತನಾಲ್ಕು ವರ್ಷ ಬಿದ್ದಿದ್ದವು. ಅಂದರೆ ಕ್ಲಬ್ಬಿನ ಕಾಗದದ ಪ್ರಕಾರವೇ, ಚಕ್ರ ಬಿಚ್ಚಿಕೊಂಡು ಸುಮಾರು ಒಂದು ನಿಮಿಷ ನಿಂತಿದ್ದ ಕಾರು ಈ ಟ್ರ್ಯಾಕಿನ ಅತಿ ವೇಗದ ಸುತ್ತನ್ನು ಮುಗಿಸಿದೆ. ಎಲ್ಲೂ ನಿಲ್ಲದ ಕಾರು ಎಲ್ಲರಿಗಿಂತ ನಿಧಾನವಾಗಿ ತೆವಳಿದೆ. ಯಾರೂ ಎರಡು ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡಲಿಲ್ಲ, ಯಾಕೆಂದರೆ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಗೆಲ್ಲಬೇಕಾದವರು ಗೆದ್ದಿದ್ದರು.

ಆ ಸಮಯಪಾಲಕರು ಈಗಿಲ್ಲ. ಒಂದು ಪೈಸೆ ಲಂಚ ಮುಟ್ಟದ, ಶಿಸ್ತಿನ ಮನುಷ್ಯ ಎಂದು ಟ್ರ್ಯಾಕಮ್ಮನೇ ಹೇಳುತ್ತಾರೆ. "ಮೋಸ ಮಾಡಿದ್ರೆ ಇಷ್ಟು ಉರೀತಿರಲಿಲ್ಲ. ಕಳ್ಳನಿಗೆ ಬೈದು ಸುಮ್ಮನಾಗಬಹುದು. ಆ ಮನುಷ್ಯ ತಪ್ಪು ಸರಿ ಮಾಡ್ತಿದೀನಿ ಅಂತಲೇ ಗೀಟು ಹಾಕಿದಾರೆ. ತಮ್ಮ ಕೈಯಲ್ಲಿದ್ದ ಗಡಿಯಾರ ನೋಡಿ, ನನ್ನ ಕಾರು ಹೋಗಿದ್ದು ನೋಡಿ, ಕೊನೆಗೆ ಗಡಿಯಾರನೇ ನಂಬಲಿಲ್ಲ. ಹೆಂಗಸು ಇಷ್ಟು ಜೋರಾಗಿ ಓಡ್ಸೋಕಾಗಲ್ಲ ಅನ್ನೋದು ಅವರಿಗೆ ಗಡಿಯಾರಕ್ಕಿಂತ ಗಟ್ಟಿ."

ಸಮಯಪಾಲಕರು ತಪ್ಪು ತಿಳಿದರು ಎನ್ನೋಣ. ಅಧ್ಯಕ್ಷರು? ಅವರು ಕಾರಿನಲ್ಲಿ ಕೂತಿದ್ದವರು. ನೀರು ಕುಡಿದವರು. ನಿಂತ ಕಾರು ದಾಖಲೆ ಮಾಡದು ಎನ್ನುವುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲು ಸಾಧ್ಯವಿಲ್ಲ. ಆದರೂ ಕಪ್ಪನ್ನು ಎರಡು ಕೈಯಲ್ಲಿ ಎತ್ತಿದರು. ಕ್ಲಬ್ಬಿನ ವಾರ್ಷಿಕ ಊಟದಲ್ಲಿ ಆ ಒಂಬತ್ತನೇ ಸುತ್ತನ್ನು ಚಮಚ, ಉಪ್ಪಿನ ಡಬ್ಬಿ ಜೋಡಿಸಿ ವರ್ಣಿಸುವುದು ಅವರ ಅಭ್ಯಾಸ. ನಾಲ್ಕನೇ ತಿರುವಿಗೆ ಬ್ರೇಕನ್ನೇ ಹಾಕಲಿಲ್ಲ ಎಂದೂ ಹೇಳುತ್ತಾರಂತೆ. ಈ ಮಾತು ಊಟ ಬಡಿಸುವವರಿಂದ ಟ್ರ್ಯಾಕಮ್ಮನ ಕಿವಿಗೆ ಬಿದ್ದಿದೆ. ದಾಖಲೆಯ ಜೊತೆಗೆ ತಿರುವನ್ನೂ ಎತ್ತಿಕೊಂಡಿದ್ದಾರೆ.

ಟ್ರ್ಯಾಕಮ್ಮ ಎರಡೂ ಹಾಳೆಗಳ ಪ್ರತಿ ಇಟ್ಟು ಕ್ಲಬ್ಬಿನ ಸಮಿತಿಗೆ ಬರೆದರು. ಕೇಳಿದ್ದು ಒಂದೇ: ಕಲ್ಲಿನಲ್ಲಿ ಕೆತ್ತುವ ಮುಂಚೆ ಆ ಒಂದು ಸಾಲು ಸರಿ ಮಾಡಿ. ಕಪ್ಪು ಬೇಡ, ಪರಿಹಾರ ಬೇಡ. ಎರಡು ತಿಂಗಳ ಮೇಲೆ ಉತ್ತರ ಬಂತು. ಆಕ್ಷೇಪವನ್ನು ಫಲಿತಾಂಶ ಅಂಟಿಸಿದ ಅರ್ಧ ಗಂಟೆಯೊಳಗೆ ಸಲ್ಲಿಸಬೇಕಿತ್ತು ಎಂದಿತ್ತು. ಹೌದು, ಅದೇ ಅರ್ಧ ಗಂಟೆ. ಈ ಉತ್ತರಕ್ಕೆ ಸಹಿ ಹಾಕಿದವರು ಯಾವ ಬಾಗಿಲ ಮುಂದೆಯೂ ಅರ್ಧ ಗಂಟೆ ನಿಂತವರಲ್ಲ.

ಇವರು ಮತ್ತೆ ಬರೆದರು, ಮತ್ತೆ ಬರೆದರು. ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿ ಕರೆಸಿಕೊಂಡು ಮೂಗಿಗೆ ತುಪ್ಪ ಸವರಲು ನೋಡಿದರು. ಹೊಸ ಟ್ರ್ಯಾಕಿನ ಉದ್ಘಾಟನೆಯ ದಿನ ವೇದಿಕೆಗೆ ಕರೆದು, ಮೊದಲ ಮಹಿಳಾ ರೇಸ್ ಚಾಲಕಿ ಎಂದು ಫಲಕ ಕೊಟ್ಟು ಸನ್ಮಾನಿಸುತ್ತೇವೆ, ಅಧ್ಯಕ್ಷರೇ ಖುದ್ದಾಗಿ ಕೊಡುತ್ತಾರೆ ಎಂದರು. "ಮೊದಲ ಹೆಂಗಸು ಅಂತ ಬೇಡಿ ಸಾರ್, ಮೊದಲು ಬಂದೆ ಅಂತ ಬರೀರಿ ಸಾಕು," ಎಂದು ಇವರು ಎದ್ದರು. ಹಾಗಾದರೆ ಜಂಟಿ ದಾಖಲೆ ಮಾಡೋಣ, ಇಬ್ಬರ ಹೆಸರೂ ಇರಲಿ, ಎಲ್ಲರಿಗೂ ಸಮಾಧಾನ ಎಂದರು ಕಾರ್ಯದರ್ಶಿ. "ಇಬ್ರೂ ಒಂದೇ ಸೀಟಲ್ಲಿ ಕೂತಿದ್ವಾ?" ಎಂದು ಕೇಳಿ ಹೊರಬಂದರು. ಇವರ ಕೆಲಸ ವರ್ಷವರ್ಷ ಮುಂದುವರಿಯುವ ಗುತ್ತಿಗೆಯದು, ಮುಂದಿನ ತಿಂಗಳು ಮುಗಿಯುತ್ತದೆ. ಬಾಗಿಲು ದಾಟುವಾಗ ಕಾರ್ಯದರ್ಶಿ ಅದನ್ನೂ ನೆನಪಿಸಿದರು, ಕಾಳಜಿಯ ದನಿಯಲ್ಲಿ.

ಈ ಪುರವಣಿಯ ಕಡೆಯಿಂದ ಫೋನ್ ಮಾಡಿ ಒಂಬತ್ತನೇ ಸುತ್ತಿನಲ್ಲಿ ನೀವೆಲ್ಲಿದ್ದಿರಿ ಎಂದು ಅಧ್ಯಕ್ಷರನ್ನು ಕೇಳಲಾಯಿತು. "ಅಯ್ಯೋ, ಎಷ್ಟು ವರ್ಷದ ಮಾತು ಅದು! ನನಗೆ ಒಂದೂ ನೆನಪಿಲ್ಲ. ಆಯಮ್ಮ ಒಳ್ಳೆ ಕೆಲಸಗಾರ್ತಿ, ಅವರ ಬಗ್ಗೆ ನಮಗೆಲ್ಲ ಗೌರವ ಇದೆ," ಎಂದರು. ಚಮಚ, ಉಪ್ಪಿನ ಡಬ್ಬಿಯ ವಿಷಯ ಎತ್ತಿದಾಗ ಮೀಟಿಂಗ್ ಇದೆ ಎಂದರು.

ಹೋದ ಶುಕ್ರವಾರ ಸಮಿತಿ ಕೊನೆಯ ಬಾರಿ ಸೇರಿತು. ಏಳು ಜನರಲ್ಲಿ ಇಬ್ಬರು ಟ್ರ್ಯಾಕಮ್ಮನ ಪರ. ಮೂವರು ವಿರುದ್ಧ. ಒಬ್ಬರು ಊರಲ್ಲಿರಲಿಲ್ಲ. ಅಧ್ಯಕ್ಷರು ತಮ್ಮದೇ ವಿಷಯವಾದ್ದರಿಂದ ತಾವು ಯಾವ ಕಡೆಯೂ ಇಲ್ಲ ಎಂದು ದೊಡ್ಡತನ ಮೆರೆದು ಸುಮ್ಮನೆ ಕೂತರು. ಮೂವತ್ತನಾಲ್ಕು ವರ್ಷದಿಂದ ಅವರು ಮಾಡುತ್ತಿರುವುದೂ ಅದೇ. ಸಾಲು ಇದ್ದ ಹಾಗೇ ಇರಲಿ ಎಂದು ತೀರ್ಮಾನವಾಯಿತು.

ಸೋಮವಾರ ಬೆಳಿಗ್ಗೆ ನಡಿಗೆ ಮುಗಿಸಿದ ಟ್ರ್ಯಾಕಮ್ಮ ಹೆಬ್ಬಾಗಿಲಿಗೆ ಬರುತ್ತಾರೆ. ಕಲ್ಲು ಕೆತ್ತುವವನು ಹತ್ತನೇ ಸಾಲು ಮುಗಿಸಿ ಹನ್ನೊಂದನೆಯದಕ್ಕೆ, ಅಂದರೆ ಸಣ್ಣ ಎಂಜಿನ್ ವರ್ಗದ ಸಾಲಿಗೆ, ಬಳಪದಲ್ಲಿ ಗುರುತು ಹಾಕುತ್ತಿದ್ದಾನೆ. ಮೂರು ವಾರದಿಂದ ಇಬ್ಬರೂ ಇದೇ ಹೊತ್ತಿಗೆ ಒಂದೇ ಫ್ಲಾಸ್ಕಿನ ಚಹಾ ಕುಡಿಯುವವರು, ವಿಷಯ ಅವನಿಗೆ ಗೊತ್ತು. "ಅಮ್ಮಾ, ಆ ಹಾಳೆ ಕೊಡಿ ಇಲ್ಲಿ, ನಾನೂ ಒಂದ್ಸಲ ನೋಡ್ತೀನಿ," ಎನ್ನುತ್ತಾನೆ. ಕಲ್ಲಿನ ಪುಡಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡು ಪ್ರತಿಗಳನ್ನೂ ಕಲ್ಲಿನ ಮೇಲೆ ಪಕ್ಕಪಕ್ಕ ಇಡುತ್ತಾನೆ. ಬೆರಳಿಟ್ಟು ಓದುತ್ತಾನೆ. ಎರಡು ನಿಮಿಷ ಕೂಡ ಹಿಡಿಯುವುದಿಲ್ಲ.

"ಇದೇನಮ್ಮಾ, ಈ ಗಾಡಿ ನಿಂತಿತ್ತಲ್ಲ!"

ಎಂಟು ತಿಂಗಳಲ್ಲಿ ಏಳು ಜನ ದೊಡ್ಡವರ ಸಮಿತಿಗೆ ಕಾಣದೇ ಹೋದದ್ದು ಇದು. ಅವನು ಉಳಿ ಕೆಳಗಿಟ್ಟು ದನಿ ತಗ್ಗಿಸುತ್ತಾನೆ. "ನಿಮ್ಮ ಹೆಸರೇ ಕೆತ್ತಿಬಿಡ್ಲಾ? ಕೆತ್ತಿದ ಮೇಲೆ ಏನು ಮಾಡ್ತಾರೆ? ಕಲ್ಲು ಒಡೀತಾರಾ?"

ಟ್ರ್ಯಾಕಮ್ಮ ಆ ಬಳಪದ ಗೆರೆಯನ್ನು ಬೆರಳಿನಿಂದ ಸವರುತ್ತಾರೆ. ಆಸೆ ಇಲ್ಲದೆ ಇಲ್ಲ. ಮುಖದಲ್ಲಿ ಅದು ಎದ್ದು ಕಾಣುತ್ತದೆ. "ಬೇಡಪ್ಪ. ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಾನು ಬಂದಿಲ್ಲ. ಅಲ್ದೆ ಕದ್ದು ಬರೆಸ್ಕೊಂಡ್ರೆ ನನಗೂ ಅವರಿಗೂ ಏನು ವ್ಯತ್ಯಾಸ? ಕೊಟ್ಟಿದ್ದು ಕೆತ್ತು."

ಅವನು ಕೆತ್ತುತ್ತಾನೆ. ನಲವತ್ತು ನಿಮಿಷ ಹಿಡಿಯುತ್ತದೆ. ಟ್ರ್ಯಾಕಮ್ಮ ಪೊರಕೆ ಹಿಡಿದು ಅಷ್ಟೂ ಹೊತ್ತು ನಿಂತು ನೋಡುತ್ತಾರೆ, ಒಂದೊಂದು ಅಕ್ಷರವನ್ನೂ. ಮುಗಿದ ಮೇಲೆ ಕೆಳಗೆ ಬಿದ್ದ ಕಲ್ಲಿನ ಚೂರುಗಳನ್ನು ಗುಡಿಸುತ್ತಾರೆ, ಯಾಕೆಂದರೆ ಗುಡಿಸದಿದ್ದರೆ ಅವು ಕಾರಿನ ಚಕ್ರಕ್ಕೆ ಅಂಟಿ ಟ್ರ್ಯಾಕಿಗೆ ಹೋಗುತ್ತವೆ.

ಕಲ್ಲಿನಲ್ಲಿ ಬರೆಯದ್ದನ್ನು ಕಾಗದದಲ್ಲಾದರೂ ಬರೆಯೋಣ. ಸಣ್ಣ ಎಂಜಿನ್ ವರ್ಗ, ಹನ್ನೆರಡನೇ ನಂಬರಿನ ಬಿಳಿ ಕಾರು, ಒಂಬತ್ತನೇ ಸುತ್ತು, ಒಂದು ನಿಮಿಷ ಐವತ್ತಮೂರು ಸೆಕೆಂಡು ನಾಲ್ಕು. ಓಡಿಸಿದವರು ಈಗ ಅದೇ ಟ್ರ್ಯಾಕನ್ನು ಗುಡಿಸುತ್ತಿದ್ದಾರೆ. ಇದು ಹಳೆಯ ಮಾತು, ಹೊಟ್ಟೆಗೆ ಹಾಕಿಕೊಳ್ಳಬೇಕು ಎನ್ನುವವರು ತಮ್ಮ ಮನೆಯ ಪತ್ರದಲ್ಲಿ ಬೇರೆಯವರ ಹೆಸರು ಸೇರಿಸಿ ಮೂವತ್ತನಾಲ್ಕು ವರ್ಷ ಕಾದು ನೋಡಲಿ.

ಮನೆಯಲ್ಲಿ ಅಕ್ಕ ಕೆಂಡವಾಗಿದ್ದಾರೆ. ಉದ್ಘಾಟನೆಯ ದಿನ ಕೆಲಸಕ್ಕೆ ಹೋಗಲೇ ಕೂಡದು ಎನ್ನುವುದು ಅವರ ವಾದ. "ರಜೆ ಹಾಕೇ. ಎಣ್ಣೆ ಮೇಲೆ ಜಾರಿ ಬೀಳ್ಲಿ ಎಲ್ರೂ. ಆಗ ಗೊತ್ತಾಗುತ್ತೆ ನೀನ್ಯಾರು ಅಂತ."

"ಸುಮ್ನಿರಕ್ಕ. ಅವತ್ತು ಮೂರು ಹುಡುಗೀರು ಓಡಿಸ್ತಿದಾರೆ. ಯಾರೂ ಅವರ ಹತ್ರ ಅಪ್ಪನ ಪತ್ರ ಕೇಳಿಲ್ಲ. ನಾನು ಹೋಗ್ದಿದ್ರೆ ಅವರಿಗೆ ನೆಲ ನೋಡೋರು ಯಾರು?"

ಅಕ್ಕ ಯಂತ್ರದ ಚಕ್ರವನ್ನು ಜೋರಾಗಿ ತಿರುಗಿಸಿ ಉತ್ತರ ಕೊಡುತ್ತಾರೆ.

ಉದ್ಘಾಟನೆಗೆ ಹನ್ನೆರಡು ದಿನ ಉಳಿದಿದೆ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಟ್ರ್ಯಾಕಮ್ಮನಿಗೆ ಗೊತ್ತಿಲ್ಲ. ವೇದಿಕೆಗೆ ಬರುವುದಿಲ್ಲ ಎಂದು ಬರೆದುಕೊಟ್ಟಾಗಿದೆ. ಅಂದಿನ ಕಾರ್ಯಕ್ರಮದಲ್ಲಿ ಮೊದಲು ಹಳೆಯ ಕಾರುಗಳ ಮೆರವಣಿಗೆ. ಅಧ್ಯಕ್ಷರು ತಮ್ಮ ಹನ್ನೊಂದನೇ ನಂಬರಿನ ಬಿಳಿ ಕಾರಿಗೆ ಹೊಸ ಬಣ್ಣ ಹೊಡೆಸಿ, ತಾವೇ ಓಡಿಸಿಕೊಂಡು ಜನರತ್ತ ಕೈ ಬೀಸುತ್ತಾ ಬರುವವರಿದ್ದಾರೆ. ಆದರೆ ಯಾವ ಕಾರು ಟ್ರ್ಯಾಕಿಗೆ ಇಳಿಯುವುದಕ್ಕೂ ಮುಂಚೆ ತಪಾಸಣೆಯ ಗಾಡಿ ಮುಂದೆ ಹೋಗಬೇಕು. ಹಳದಿ ದೀಪ ಹಚ್ಚಿದ ಆ ಗಾಡಿಯನ್ನು ಓಡಿಸುವುದು ನೆಲ ನೋಡಿಕೊಳ್ಳುವವರ ಕೆಲಸ. ಉಳಿದವರೆಲ್ಲ ಅದರ ಹಿಂದೆ.

ಅದನ್ನು ನೆನೆದಾಗ ಟ್ರ್ಯಾಕಮ್ಮ ಇಡೀ ದಿನದಲ್ಲಿ ಮೊದಲ ಸಲ ಆರಾಮವಾಗಿ ಕುರ್ಚಿಗೆ ಒರಗುತ್ತಾರೆ.

"ಕೈ ಬೀಸ್ಕೊಂಡು ಬರ್ಲಿ, ಬೇಡ ಅನ್ನಲ್ಲ. ನನ್ನ ಗಾಡಿ ದಾಟೋ ಹಾಗಿಲ್ಲ, ನಿಯಮ ಇದೆ. ನಿಯಮ ಇಲ್ದಿದ್ದಾಗಲೂ ಅವರು ದಾಟಿರ್ಲಿಲ್ಲ."